ಬೈದು ಬಿತ್ತುವ ಕಾಮಕಸ್ತೂರಿ

ಗ್ರೀಸಿನ ನಮ್ಮ ಹಳ್ಳಿ ಆನೊ ಕ್ರಿನಿತ್ಸಾದಲ್ಲಿ ಕಾಮಕಸ್ತೂರಿಯ ಬೀಜವನ್ನು ಯಾರೂ ಸುಮ್ಮನೆ ಬಿತ್ತುವುದಿಲ್ಲ, ಬೈದುಕೊಂಡು ಬಿತ್ತುತ್ತೇವೆ. ಬಾಯೊಳಗೇ ಗೊಣಗಿದರೆ ಸಾಲದು, ಎದುರುಮನೆಯವರಿಗೆ ಕೇಳುವಂತೆ ಬಾಯಿತುಂಬ ಬೈಯಬೇಕು. ಈಸ್ಟರ್ ಕಳೆದ ಶುಕ್ರವಾರ ಬೆಳಿಗ್ಗೆ ಊರಿನ ಹೆಂಗಸರು ಸುಣ್ಣ ಬಳಿದ ಎಣ್ಣೆ ಡಬ್ಬಗಳಿಗೆ ಮಣ್ಣು ತುಂಬಿಕೊಂಡು ಅಂಗಳದಲ್ಲಿ ಕೂತರೆ, ಬೀದಿಗೆ ಬೀದಿಯೇ ಜಗಳಕ್ಕೆ ನಿಂತಿದೆ ಎನ್ನಬೇಕು. ಅವತ್ತು ನಮ್ಮ ಪಾದ್ರಿ ಫೋತಿಸ್ ಈ ಕಡೆ ಕಾಲಿಡುವುದಿಲ್ಲ, ಮೇಲಿನ ದಾರಿ ಹಿಡಿದು ಹೋಗಿಬಿಡುತ್ತಾರೆ. ಕಿವಿಗೆ ಬಿದ್ದರೆ ಗದರಬೇಕು; ಗದರಿ ನಿಲ್ಲಿಸಿದರೆ ಸೆಪ್ಟೆಂಬರಿನ ಶಿಲುಬೆ ಹಬ್ಬಕ್ಕೆ ಚರ್ಚಿನಲ್ಲಿ ಒಂದು ಕಡ್ಡಿ ಕಾಮಕಸ್ತೂರಿಯೂ ಇರುವುದಿಲ್ಲ. ಪಾಪ, ಅವರಾದರೂ ಏನು ಮಾಡಿಯಾರು?

ಯಾಕೆ ಬೈಯಬೇಕು ಎಂದು ಪಟ್ಟಣದಿಂದ ಬಂದವರು ಕೇಳುತ್ತಾರೆ. ಅದು ರಾಜರ ಗಿಡ, ನಮ್ಮ ಭಾಷೆಯಲ್ಲಿ ಅದರ ಹೆಸರಲ್ಲೇ ರಾಜ ಇದ್ದಾನೆ, ಹೊಗಳಿದರೆ ಕೊಬ್ಬುತ್ತದೆ ಎಂದು ಕೆಲವರ ಮಾತು. ಚೆನ್ನಾಗಿ ಬೆಳಿ ಅಂದರೆ ಯಾರದ್ದಾದರೂ ಕಣ್ಣು ಬೀಳುತ್ತದೆ, ಹಾಳಾಗು ಅಂದರೆ ಯಾರ ಹೊಟ್ಟೆ ಉರಿದೀತು ಎಂದು ಇನ್ನು ಕೆಲವರ ಮಾತು. ನನಗೆ ಕಾರಣವೆಲ್ಲ ಬೇಕಿಲ್ಲ. ನನ್ನ ಅತ್ತೆ ಗರುಫಾಲಿಯಾ ಬೈದು ಬಿತ್ತಿದ ಗಿಡ ಜುಲೈ ಬರುವಷ್ಟರಲ್ಲಿ ಕುರಿಮರಿಯಷ್ಟು ದುಂಡಗಾಗುತ್ತಿತ್ತು. ಬಾಯಿ ಸತ್ತವರ ಮನೆಯ ಗಿಡ ಗೇಣುದ್ದಕ್ಕೇ ಹೂಬಿಟ್ಟು ಒಣಗುತ್ತಿತ್ತು. ಕಣ್ಣಾರೆ ಕಂಡದ್ದಕ್ಕೆ ವಾದ ಯಾಕೆ?

ನನ್ನ ಹೆಸರು ಸ್ಮಾರೊ, ಕೆಳಗಿನ ಬಯಲಿನವಳು. ನಮ್ಮ ಕಡೆ ಈ ಪದ್ಧತಿಯಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ಒಂದು ಬೆಳಿಗ್ಗೆ ಅತ್ತೆ ಅಂಗಳದಲ್ಲಿ ಕೂತು, "ನಿನ್ ಬೇರಿಗೆ ಹುಳ ಬೀಳ, ನಿನ್ ವಂಶ ನಾಶ ಆಗ, ಹುಟ್ಟಬೇಡ, ಹುಟ್ಟಿದ್ರೂ ಎದ್ದು ನಿಲ್ಲಬೇಡ, ನಿನ್ ಮುಖಕ್ಕೆ ಬೂದಿ ಬಡಿಯ" ಎಂದು ಉಸಿರು ಬಿಡದೆ ಶಪಿಸುವುದು ಕೇಳಿಸಿತು. ಇನ್ನೂ ಮಕ್ಕಳಾಗದ ನನಗೇ ಹೀಗನ್ನುತ್ತಿದ್ದಾರೆ ಎಂದುಕೊಂಡು, ಬಟ್ಟೆ ಗಂಟು ಕಟ್ಟಿ ಹೊರಟೇಬಿಟ್ಟಿದ್ದೆ. ನನ್ನ ಗಂಡ ಸ್ತೆರ್ಗಿಯೋಸ್ ಬಾಗಿಲಿಗೆ ಅಡ್ಡ ನಿಂತು, ಅದು ಗಿಡಕ್ಕೆ ಮಾರಾಯ್ತಿ, ನಿನಗಲ್ಲ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ನನಗೆ ಬೈಯುವುದು ಬೇರೆಯೇ ಇತ್ತು, ಅದಕ್ಕೆ ಶುಕ್ರವಾರ ಶನಿವಾರ ಎಂಬ ಲೆಕ್ಕವಿರಲಿಲ್ಲ. ಕಾಫಿಯ ನೊರೆ ಒಡೆದರೆ ಬೈಗುಳ, ಹಿಟ್ಟು ಗಟ್ಟಿಯಾದರೆ ಬೈಗುಳ, ಬಟ್ಟೆ ಒಣಹಾಕುವಾಗ ಗಂಡನ ಒಳಚಡ್ಡಿ ಬೀದಿಯ ಕಡೆ ತೂಗಿದರೆ ಬೈಗುಳ. ನಾನೇನು ಕೇಳಿಕೊಂಡು ಇರುವವಳೇ? ಒಂದಕ್ಕೆ ಎರಡು ಕೊಡುತ್ತಿದ್ದೆ. ಇಬ್ಬರಿಗೂ ಗಂಟಲು ಒಣಗಿದ ಮೇಲೆ ಒಂದೇ ಬೆಂಚಿನ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದೆವು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೀಗೇ ಕಳೆಯಿತು. ಅವರು ಮದುವೆಗೋ ಮುಂಜಾವಿನ ಪೂಜೆಗೋ ಹೋಗಿ ಮನೆಯಲ್ಲಿ ಇಲ್ಲದ ಹೊತ್ತು ನನಗೆ ತುತ್ತು ಇಳಿಯುತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನು ನಾಚಿಕೆ?

ನಮ್ಮ ಮನೆಯಲ್ಲಿ ಕಾಮಕಸ್ತೂರಿ ಇಲ್ಲದೆ ಯಾವ ಕೆಲಸವೂ ಸಾಗುತ್ತಿರಲಿಲ್ಲ. ಕಣಜ ಕಚ್ಚಿದರೆ ಎಲೆ ಜಜ್ಜಿ ಒತ್ತುವುದು, ಹೊಟ್ಟೆ ಕಟ್ಟಿಕೊಂಡರೆ ಅದರ ಕಷಾಯ, ತಲೆಭಾರಕ್ಕೆ ಹಣೆಯ ಎರಡು ಪಕ್ಕಕ್ಕೂ ಒಂದೊಂದು ಎಲೆ, ಕಿಟಕಿಯಲ್ಲಿ ಒಂದು ಡಬ್ಬ ಸೊಳ್ಳೆಗೆ, ಬಾಗಿಲಲ್ಲಿ ಇನ್ನೊಂದು ಕೆಟ್ಟ ಕಣ್ಣಿಗೆ. ಪಟ್ಟಣಕ್ಕೆ ಹೊರಟ ಗಂಡಸಿನ ಕಿವಿಯ ಹಿಂದೆ ಒಂದು ಕುಡಿ ಸಿಗಿಸದೆ ಅತ್ತೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಗಿಡಕ್ಕೆ ಮೂಗು ತಾಗಿಸಿ ಮೂಸುವ ಹಾಗಿಲ್ಲ, ಒಣಗಿಹೋಗುತ್ತದೆ. ಅಂಗೈಯಿಂದ ಸವರಿ ಅಂಗೈ ಮೂಸಬೇಕು. ಅಡಿಗೆಗೆ ಹಾಕಲು ಮಾತ್ರ ನಮ್ಮಲ್ಲಿ ಹಿಂಜರಿಕೆ. ಪಾದ್ರಿ ದೇವರ ನೀರು ಚಿಮುಕಿಸುವ ಎಲೆಯನ್ನು ಹೆಚ್ಚಿ ಬಾಣಲೆಗೆ ಹಾಕುವುದುಂಟೇ? ಅತ್ತೆ ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದರು. ಟೊಮೆಟೊ ಗೊಜ್ಜು ಕುದಿಯುವಾಗ ಒಂದು ಕಡ್ಡಿಯನ್ನು ಹಾಗೆಯೇ ಮುಳುಗಿಸಿ, ಇಳಿಸುವ ಮೊದಲು ಎತ್ತಿ ಗಿಡದ ಬುಡಕ್ಕೇ ಹಾಕುವುದು. ಘಮ ನಮಗೆ, ಎಲೆ ದೇವರಿಗೆ ಎನ್ನುತ್ತಿದ್ದರು.

ಎಲ್ಲಕ್ಕಿಂತ ದೊಡ್ಡದು ಹುಳಿಹಿಟ್ಟು. ಶಿಲುಬೆ ಹಬ್ಬದ ದಿನ ಚರ್ಚಿನಲ್ಲಿ ಹರಸಿದ ಕಾಮಕಸ್ತೂರಿ ತಂದು, ಬರೀ ಹಿಟ್ಟು ನೀರು ಕಲಸಿದ ಮುದ್ದೆಯ ಮೇಲೆ ಶಿಲುಬೆಯಾಕಾರದಲ್ಲಿ ಇಟ್ಟು, ಕಂಬಳಿ ಹೊದಿಸಿಬಿಟ್ಟರೆ ಅದು ತಾನಾಗಿ ಹುಳಿ ಬಂದು ಉಬ್ಬುತ್ತದೆ. ಆ ಮುದ್ದೆಯಿಂದಲೇ ನಮಗೆ ವರ್ಷವಿಡೀ ಬ್ರೆಡ್ಡು. ಅಂಗಡಿಯಿಂದ ಯೀಸ್ಟ್ ತರುವ ಸೊಸೆಯಂದಿರೂ ಊರಿನಲ್ಲಿ ಇದ್ದಾರೆ. ಅವರ ಹೆಸರು ಇಲ್ಲಿ ಬೇಡ.

ಹೋದ ವರ್ಷ ಫೆಬ್ರವರಿಯಲ್ಲಿ, ಅದೇ ಹಿಟ್ಟು ನಾದುವ ಮರದ ದೋಣಿಯ ಮುಂದೆ ನಿಂತಿದ್ದಾಗ ಅತ್ತೆಗೆ ಲಕ್ವ ಹೊಡೆಯಿತು. ನಾನು ಸೌದೆ ತರಲು ಹೋಗಿದ್ದೆ. ವಾಪಸು ಬಂದಾಗ ಅವರು ನೆಲದಲ್ಲಿ ಕೂತು, ಹಿಟ್ಟು ಮೆತ್ತಿದ ಕೈಯನ್ನು ನೋಡುತ್ತಿದ್ದರು. ನಾನು ಏನೇನೋ ಕೂಗಿದೆ. ಅವರು ಬಾಯಿ ತೆರೆದರು, ಏನೂ ಬರಲಿಲ್ಲ.

ವೋಲೋಸ್ ಪಟ್ಟಣದ ಆಸ್ಪತ್ರೆಯವರು ಮುತುವರ್ಜಿಯಿಂದ ನೋಡಿಕೊಂಡರು, ಜೀವ ಉಳಿಸಿ ಕಳಿಸಿದರು. ಬಲಗೈ ಬಲಗಾಲು ಸೋತಿದ್ದವು, ಎಡಗೈ ನೆಟ್ಟಗಿತ್ತು. ಮಾತು ಮಾತ್ರ ಪೂರಾ ಹೋಗಿತ್ತು. ನಾವು ಹೇಳಿದ್ದು ಅವರಿಗೆ ತಿಳಿಯುತ್ತದೆ, ಅವರ ಮಾತು ಹೊರಗೆ ಬರುತ್ತಿಲ್ಲ, ಹೌದು-ಇಲ್ಲಕ್ಕೆ ತಲೆಯಾಡಿಸುವುದೂ ಅದಲುಬದಲಾಗಿದೆ, ನಂಬಬೇಡಿ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅದು ನಿಜ. ನೀರು ಬೇಕಾ ಎಂದರೂ ತಲೆಯಾಡಿಸುವರು, ಬೇಡವಾ ಎಂದರೂ ತಲೆಯಾಡಿಸುವರು, ಆಮೇಲೆ ತನ್ನ ತಲೆಯ ಮೇಲೆ ತನಗೇ ಸಿಟ್ಟು ಬಂದು ಎಡಗೈಯಿಂದ ಹಾಸಿಗೆ ಗುದ್ದುವರು.

ನನಗೆ ಗೊತ್ತಿದ್ದ ಕಾಮಕಸ್ತೂರಿಯ ಮದ್ದನ್ನೆಲ್ಲ ಮಾಡಿದೆ. ಒಣಗಿಸಿಟ್ಟ ಎಲೆಯ ಕಷಾಯ ಕುಡಿಸಿದೆ. ಎಣ್ಣೆಯಲ್ಲಿ ಕಾಯಿಸಿ ಕತ್ತಿಗೆ, ದವಡೆಗೆ ತಿಕ್ಕಿದೆ. ಪಾದ್ರಿ ಫೋತಿಸ್ ಬಂದು ಕಾಮಕಸ್ತೂರಿಯ ಗೊಂಚಲನ್ನು ದೇವರ ನೀರಿನಲ್ಲಿ ಅದ್ದಿ ಅತ್ತೆಯ ಮುಖಕ್ಕೆ ಧಾರಾಳವಾಗಿ ಚಿಮುಕಿಸಿದರು. ಪಕ್ಕದ ಮನೆಯ ವಾಗಿತ್ಸಾ ನೀರಿಗೆ ಎಣ್ಣೆಹನಿ ಬಿಟ್ಟು ದೃಷ್ಟಿ ತೆಗೆದು, ಕಣ್ಣು ಬಿಡುವಾಗ ಆಕಳಿಕೆ ಬರುತ್ತದೆಂದು ಆಕಳಿಸಿ ಆಕಳಿಸಿ ಕಣ್ಣೀರು ಸುರಿಸಿ, ಇದು ಭಾರೀ ಕಣ್ಣು, ನೀಲಿ ಕಣ್ಣಿನವರದ್ದೇ ಎಂದು ಹೇಳಿ ಹೋದಳು. ನಾನು ದಿಂಬಿನ ಕೆಳಗೂ ಒಂದು ಕಡ್ಡಿ ಇಟ್ಟೆ. ಅತ್ತೆ ಅದನ್ನು ಎಡಗೈಯಿಂದ ಎಳೆದು ತೆಗೆದು ನನ್ನನ್ನು ನೋಡಿ ಅರ್ಧ ಬಾಯಿಯಲ್ಲಿ ನಕ್ಕರು. ಆ ಕಡ್ಡಿಯನ್ನು ದಿಂಬಿನ ಕೆಳಗೆ ಇಡುವವರು ಗಂಡ ಬೇಕೆನ್ನುವ ಹುಡುಗಿಯರು.

ಮನೆ ತಣ್ಣಗಾಯಿತು. ನಾನು ಏನು ಮಾಡಿದರೂ ಸರಿ, ಹೇಗೆ ಮಾಡಿದರೂ ಸರಿ. ಒಂದು ದಿನ ತಡೆಯಲಾರದೆ ಬೇಕೆಂದೇ ಕಾಫಿ ಕೆಡಿಸಿದೆ. ಉಕ್ಕಿಸಿ, ನೊರೆಯೆಲ್ಲ ಒಲೆಗೆ ಚೆಲ್ಲಿ, ಸಕ್ಕರೆ ಸುರಿದು, ಗಷ್ಟು ಸಮೇತ ಲೋಟಕ್ಕೆ ಹಾಕಿ ಕೊಟ್ಟೆ. ನಾಯಿಯೂ ಮೂಸದ ಕಾಫಿ ಅದು. ಅತ್ತೆ ಒಂದು ಗುಟುಕು ಕುಡಿದರು, ನನ್ನ ಮುಖ ನೋಡಿದರು, ಸುಮ್ಮನೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ನಾನು ಕೋಳಿಗೂಡಿಗೆ ಹೋಗಿ, ಕೋಳಿಗಳ ಮುಂದೆ ಬಾಯಿಬಿಟ್ಟು ಅತ್ತುಬಿಟ್ಟೆ.

ಈಸ್ಟರಿಗೆ ನಾದಿನಿ ಎವಾಂಥಿಯಾ ಅಥೆನ್ಸಿನಿಂದ ಬಂದಳು. ಅಲ್ಲಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ, ಮೆತ್ತಗಿನ ಸ್ವಭಾವ, ತಾಯಿಯ ಮೇಲೆ ಪ್ರಾಣ. ಹಾಸಿಗೆಯ ಪಕ್ಕ ಕೂತು ತಾಯಿಯ ಉಗುರು ಕತ್ತರಿಸಿದಳು, ತಲೆ ಬಾಚಿದಳು, ಕಾಲು ನೀವಿದಳು. ಆಮೇಲೆ ನನ್ನನ್ನೂ ಅಣ್ಣನನ್ನೂ ಅಡಿಗೆಮನೆಗೆ ಕರೆದು ವಿಷಯ ತೆಗೆದಳು. ಅವಳ ಮನೆಯ ಹತ್ತಿರವೇ ಮಾತು ಹೋದವರಿಗೆ ಮಾತು ಕಲಿಸುವ ಜಾಗವಿದೆ. ಅಲ್ಲಿನ ಡಾಕ್ಟರಮ್ಮನ ಹತ್ತಿರ ಎಲ್ಲ ಮಾತಾಡಿ ಬಂದಿದ್ದಾಳೆ. ಮೊದಲ ತಿಂಗಳುಗಳಲ್ಲಿ ಕಲಿಸಿದರೆ ಬರುತ್ತದೆ, ಬಿಟ್ಟರೆ ಕಷ್ಟ ಎಂದಿದ್ದಾರೆ. ರಜೆ ಮುಗಿದ ಕೂಡಲೇ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ, ಒಂದು ವರ್ಷವಾಗಲಿ ಎರಡು ವರ್ಷವಾಗಲಿ ನಾನು ನೋಡಿಕೊಳ್ಳುತ್ತೇನೆ ಎಂದಳು.

ಅವಳು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಸ್ತೆರ್ಗಿಯೋಸ್ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡುತ್ತ, ಅಮ್ಮನಿಗೆ ಒಳ್ಳೆಯದಾಗುವುದಾದರೆ ಆಗಲಿ ಎಂದ. ನಾನು, ಅತ್ತೆಯನ್ನು ಕೇಳಿದಿರಾ ಎಂದೆ. ಎಲ್ಲರೂ ಹೋಗಿ ಕೇಳಿದೆವು. ಅಥೆನ್ಸಿಗೆ ಬರುತ್ತೀಯಾ ಅಮ್ಮ ಎಂದು ಎವಾಂಥಿಯಾ ಕೇಳಿದರೆ ತಲೆಯಾಡಿಸಿದರು. ಇಲ್ಲೇ ಇರುತ್ತೀರಾ ಅತ್ತೆ ಎಂದು ನಾನು ಕೇಳಿದರೂ ಹಾಗೆಯೇ ತಲೆಯಾಡಿಸಿದರು. ನಂತರ ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿ ಮಲಗಿದರು. ಆ ಮುಖದಲ್ಲಿ ಏನಿತ್ತೆಂದು ನನಗೆ ಗೊತ್ತು. ನನಗೆ ಗೊತ್ತಿದ್ದು ಯಾರಿಗೆ ಬೇಕು?

ಇನ್ನೊಂದು ಕಟ್ಟಳೆಯನ್ನೂ ಎವಾಂಥಿಯಾ ತಂದಿದ್ದಳು. ಅಮ್ಮನ ಎದುರು ಯಾರೂ ದನಿ ಎತ್ತಕೂಡದು, ಮೆಲ್ಲಗೆ, ಸಿಹಿಯಾಗಿ, ಒಂದೊಂದೇ ಮಾತು ಬಿಡಿಸಿ ಆಡಬೇಕು. ಹಾಗಾಗಿ ಆ ಈಸ್ಟರಿನಲ್ಲಿ ನಮ್ಮ ಮನೆ ಮದುವೆಯ ಮಿಠಾಯಿ ಡಬ್ಬದಂತಿತ್ತು. ನನ್ನ ಚಿನ್ನ, ನನ್ನ ಬಂಗಾರ, ಸೂಪು ಕುಡೀತೀಯಾ ಪುಟ್ಟಾ. ಎಪ್ಪತ್ತು ದಾಟಿದ, ಒಂದೇ ಏಟಿಗೆ ಕೋಳಿಯ ಕತ್ತು ಮುರಿಯುತ್ತಿದ್ದ ಹೆಂಗಸಿಗೆ ಪುಟ್ಟಾ! ನಾನೂ ಹಲ್ಲು ಕಚ್ಚಿಕೊಂಡು ಸಿಹಿಯಾಗಿಯೇ ಮಾತಾಡಿದೆ.

ಶುಕ್ರವಾರ ಬಂತು. ಬೆಳಿಗ್ಗೆಯಿಂದಲೇ ಮೇಲಿನ ಮನೆ ಕೆಳಗಿನ ಮನೆಗಳಲ್ಲಿ ಶಾಪಗಳ ಸುರಿಮಳೆ ಶುರುವಾಯಿತು. ವಾಗಿತ್ಸಾ ಅಂತೂ ತನ್ನ ಡಬ್ಬಗಳಿಗೆ ಕಾಲರಾ ಬರಿಸುತ್ತಿದ್ದಳು. ಎವಾಂಥಿಯಾ ಅಮ್ಮನನ್ನು ಬೆಚ್ಚಗೆ ಹೊದಿಸಿ ಜಗುಲಿಯ ಕುರ್ಚಿಯಲ್ಲಿ ಕೂರಿಸಿದ್ದಳು. ಈ ಸಲ ಅಮ್ಮನ ಡಬ್ಬಗಳಿಗೆ ನಾನೇ ಬೀಜ ಹಾಕ್ತೀನಿ ಅತ್ಗೆ, ಅಮ್ಮ ನೋಡಲಿ ಎಂದು ಕಣ್ಣು ಒದ್ದೆ ಮಾಡಿಕೊಂಡು ಕೇಳಿದಳು. ಹಾಕು, ಆದರೆ ಬೈಯಬೇಕು ಗೊತ್ತಲ್ಲ ಎಂದೆ. ಅಮ್ಮನ ಮುಂದೆ ಬೇಡ ಅತ್ಗೆ, ಗಿಡಗಳಿಗೂ ಒಳ್ಳೆ ಮಾತೇ ಇಷ್ಟವಂತೆ, ನಮ್ಮ ಶಾಲೆಯ ಮಕ್ಕಳು ಹಾಗೇ ಬೆಳೆಸುತ್ತಾರೆ ಎಂದಳು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆಯತೊಡಗಿದೆ.

ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಎವಾಂಥಿಯಾ ಮೊಣಕಾಲೂರಿ ಕೂತು ಮಣ್ಣನ್ನು ಬೆರಳಿನಿಂದ ಸವರಿ, ಚಿಟಿಕೆ ಚಿಟಿಕೆ ಬೀಜ ಉದುರಿಸುತ್ತಿದ್ದಳು. "ಬನ್ನಿ ಬಂಗಾರಗಳಾ, ಬೇಗ ಎದ್ದು ಬನ್ನಿ, ನೀವೆಷ್ಟು ಚೆಂದ, ನೀವೆಷ್ಟು ಮುದ್ದು" ಎನ್ನುತ್ತಿದ್ದಳು. ಜಗುಲಿಯಲ್ಲಿ ಅತ್ತೆಯ ಕತ್ತು ಮುಂದಕ್ಕೆ ಬಂತು. ಮುಖ ಕೆಂಪಾಯಿತು. ಎಡಗೈ ಕುರ್ಚಿಯ ತೋಳನ್ನು ಬಿಗಿಹಿಡಿದಿತ್ತು. ಇನ್ನೊಂದು ಸಲ ಲಕ್ವ ಹೊಡೆಯಿತೇನೋ ಎಂದು ನಾನು ಸೋಪಿನ ಕೈಯಲ್ಲೇ ಹೊರಗೆ ಓಡಿದೆ.

ಎರಡನೇ ಡಬ್ಬಕ್ಕೆ ಎವಾಂಥಿಯಾ ಮುತ್ತು ಕೊಟ್ಟಳು. ನಿಜವಾಗಿ, ಡಬ್ಬಕ್ಕೆ ಮುತ್ತು ಕೊಟ್ಟಳು.

"ನಿನ್ ಬೇರಿಗೆ ಹುಳ ಬೀಳ" ಎಂದಿತು ಒಂದು ದನಿ. "ನಿನ್ ವಂಶ ನಾಶ ಆಗ. ಹುಟ್ಟಬೇಡ, ಹುಟ್ಟಿದ್ರೂ ಎದ್ದು ನಿಲ್ಲಬೇಡ, ನಿನ್ ಮುಖಕ್ಕೆ ಬೂದಿ ಬಡಿಯ."

ಒಂದು ಅಕ್ಷರ ತೊದಲಲಿಲ್ಲ. ಅದೇ ದನಿ, ಅದೇ ಏರಿಳಿತ. ವಾಗಿತ್ಸಾ ತನ್ನ ಅಂಗಳದಲ್ಲಿ ಬಾಯಿ ಮುಚ್ಚಿದಳು. ಅವಳ ಆಚೆಯವಳೂ ಮುಚ್ಚಿದಳು. ಇಡೀ ಬೀದಿ ಸುಮ್ಮನಾದ ಮೇಲೂ ಅತ್ತೆ ಎರಡು ಮೂರು ಸುತ್ತು ಬೈದರು. ಎವಾಂಥಿಯಾ ಮಣ್ಣಿನ ಕೈಯಲ್ಲೇ ಬಂದು ತಾಯಿಯ ಕಾಲು ಹಿಡಿದು, ಅಮ್ಮಾ ಅಮ್ಮಾ ಎಂದು ಅತ್ತಳು. ನಾನು ಅಳಲಿಲ್ಲ, ಜೋರಾಗಿ ನಕ್ಕೆ, ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಗೋಡೆಯ ಮೇಲೆ ಒಂದೊಂದೇ ತಲೆ ಎದ್ದಿತು. ಮೇಲಿನ ದಾರಿಯಲ್ಲಿ ಹೋಗುತ್ತಿದ್ದ ಪಾದ್ರಿ ಫೋತಿಸ್ ಕೂಡ ನಿಂತು, ಟೊಪ್ಪಿಗೆ ತೆಗೆದು ಶಿಲುಬೆಯ ಗುರುತು ಮಾಡಿಕೊಂಡರಂತೆ. ಹೀಗೆಂದು ವಾಗಿತ್ಸಾ ಹೇಳುತ್ತಾಳೆ, ನಾನು ನೋಡಲಿಲ್ಲ.

ಮಾತು ಬಂತು ಎಂದು ಮಧ್ಯಾಹ್ನದವರೆಗೆ ಸಂಭ್ರಮಪಟ್ಟೆವು. ಆಮೇಲೆ ಗೊತ್ತಾಯಿತು, ಬಂದದ್ದು ಅಷ್ಟೇ. ನೀರು ಬೇಕಾದಾಗ ಅತ್ತೆ ಬಾಯಿ ತೆರೆದರೆ, ನಿನ್ ಬೇರಿಗೆ ಹುಳ ಬೀಳ. ಮಗನನ್ನು ಕರೆಯಲು ಹೋದರೆ, ನಿನ್ ಮುಖಕ್ಕೆ ಬೂದಿ ಬಡಿಯ. ನೋಡಲು ಬಂದ ಪಾದ್ರಿಯ ಕೈಗೆ ಭಕ್ತಿಯಿಂದ ಮುತ್ತಿಟ್ಟು, ನಿನ್ ವಂಶ ನಾಶ ಆಗ ಎಂದರು. ನನಗೆ ಆರು ಹೆಣ್ಣುಮಕ್ಕಳಿದ್ದಾರೆ ಗರುಫಾಲಿಯಾ, ಅದು ಸುಲಭ ಅಲ್ಲ ಎಂದು ಅವರು ನಕ್ಕರು; ನಮ್ಮಲ್ಲಿ ಪಾದ್ರಿಗಳಿಗೂ ಮದುವೆ ಮಕ್ಕಳುಂಟು. ಅತ್ತೆ ನಗಲಿಲ್ಲ. ತಾನು ಹೇಳಹೊರಟದ್ದು ಒಂದು, ಹೊರಗೆ ಬಿದ್ದದ್ದು ಇನ್ನೊಂದು ಎಂದು ಅವರಿಗೆ ಕೇಳಿಸುತ್ತಿತ್ತು. ಸಂಜೆಯಷ್ಟರಲ್ಲಿ ತುಟಿ ಬಿಗಿದು, ಮತ್ತೆ ಮೂಕರಾದರು.

ಎವಾಂಥಿಯಾ ಅಥೆನ್ಸಿನ ಡಾಕ್ಟರಮ್ಮನಿಗೆ ಫೋನು ಮಾಡಿದಳು. ಆಕೆಗೆ ಏನೂ ಆಶ್ಚರ್ಯವಾಗಲಿಲ್ಲವಂತೆ. ಬೈಗುಳ, ಪ್ರಾರ್ಥನೆ, ಹಾಡು ಇವೆಲ್ಲ ಬಾಯಿಪಾಠ, ತಲೆಯಲ್ಲಿ ಅವುಗಳ ದಾರಿಯೇ ಬೇರೆ, ಅವು ಉಳಿದಿರುತ್ತವೆ. ಇದು ಒಳ್ಳೆಯ ಲಕ್ಷಣ. ಬೇರೆ ಮಾತು ಅದರ ಹಿಂದೆ ಬಂದರೂ ಬರಬಹುದು, ತಡಮಾಡದೆ ಕರೆತನ್ನಿ ಎಂದರಂತೆ. ಎವಾಂಥಿಯಾಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಎರಡು ದಿನ ಮುಂಚೆಯೇ ಹೊರಡುವುದೆಂದು ಚೀಲ ತುಂಬತೊಡಗಿದಳು. ನನ್ನ ಪಾಡು ಏನು ಹೇಳಲಿ? ಆ ಬಾಯಿ ತೆರೆಯಲೆಂದು ನಾನು ಮೂರು ತಿಂಗಳು ದೇವರಿಗೆ ಹರಕೆ ಹೊತ್ತಿದ್ದೆ. ತೆರೆದದ್ದೇ ಅದು ಅವರನ್ನು ಊರು ಬಿಡಿಸಲು ಹೊರಟಿತು.

ಭಾನುವಾರ ಬೆಳಿಗ್ಗೆ ಕಾರು ಅಂಗಳದ ಮುಂದೆ ನಿಂತಿತ್ತು. ಸ್ತೆರ್ಗಿಯೋಸ್ ತಾಯಿಯನ್ನು ಎತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಡಿಕ್ಕಿಯಲ್ಲಿ ಚೀಲ, ಕಂಬಳಿ, ನಾನು ಕಟ್ಟಿಕೊಟ್ಟ ಒಂದು ಬ್ರೆಡ್ಡು. ಎವಾಂಥಿಯಾ ಸೀಟಿನ ಪಟ್ಟಿ ಬಿಗಿದು, ಸಮುದ್ರದ ಪಕ್ಕದ ದಾರಿಯಲ್ಲೇ ಹೋಗೋಣ ಬಂಗಾರ, ನಿನಗೆ ಇಷ್ಟ ಅಲ್ವಾ ಎಂದಳು. ಅತ್ತೆ ಎದುರಿನ ಗಾಜನ್ನು ನೋಡುತ್ತ ಕೂತಿದ್ದರು. ಪಾದ್ರಿಯನ್ನು ಬೈದಂದಿನಿಂದ ಒಂದು ಶಬ್ದ ಬಾಯಿಂದ ಬಿದ್ದಿರಲಿಲ್ಲ. ಮುಖ ಗಚ್ಚಿನ ಗೋಡೆಯಾಗಿತ್ತು.

ಅತ್ಗೆ, ಅಮ್ಮನಿಗೆ ಹೋಗಿ ಬಾ ಅನ್ನಿ, ಮೆಲ್ಲಗೆ ಎಂದಳು ಎವಾಂಥಿಯಾ. ನಾನು ಕಿಟಕಿಯ ಹತ್ತಿರ ಬಗ್ಗಿದೆ. ಹೋಗಿ ಬನ್ನಿ ಅತ್ತೆ, ಬೇಗ ಗುಣವಾಗಿ ಬನ್ನಿ ಎಂಬ ಮಾತನ್ನು ಬೆಳಿಗ್ಗೆಯಿಂದ ಬಾಯಲ್ಲಿ ಸಿದ್ಧಮಾಡಿಟ್ಟುಕೊಂಡಿದ್ದೆ. ಅವರ ಮುಖ ನೋಡಿದೆ. ಹೇಳಲಾಗಲಿಲ್ಲ. ಒಳ್ಳೆಯದಾಗಲಿ ಎಂದು ಬಾಯಿಬಿಟ್ಟು ಹೇಳಿ ನಾನೇ ಇವರಿಗೆ ಕಣ್ಣು ಹಾಕಿಬಿಡುತ್ತೇನೆ ಅನ್ನಿಸಿತು. ಆಮೇಲೆ ನನಗೆ ಎಲ್ಲಿಂದ ಸಿಟ್ಟು ಬಂತೋ ದೇವರಾಣೆ ಗೊತ್ತಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟೇ ಜಗಳವಾಡಿದರೂ ನೀವು ಎಂಬುದನ್ನು ಬಿಟ್ಟಿರಲಿಲ್ಲ. ಅವತ್ತು ಬಿಟ್ಟೆ.

"ಹೋಗು" ಎಂದೆ. "ಹಾಳಾಗಿ ಹೋಗು. ನನ್ ತಲೆ ತಿಂದು ತೇಗಿದ್ದೀಯಲ್ಲ, ಇನ್ನು ಅವಳ ತಲೆ ತಿನ್ನೋಕೆ ಹೋಗು. ನಿನ್ ಬೇರು ಕಿತ್ತು ಹೋಗ. ನಿನ್ ಹಾಸಿಗೆ ಸುಟ್ಟು ಹೋಗ. ನೀನು ಇಲ್ದಿದ್ರೆ ನಂಗೇನು ಊಟ ಸೇರಲ್ವಾ? ನಿನ್ ನಾಲಿಗೆಗೆ ಹುಳ ಬೀಳ, ಮಾತು ಆಡ್ಬೇಡ, ಸಾಯೋವರೆಗೂ ಆಡ್ಬೇಡ. ಕೇಳಿಸ್ತಾ? ತೊಲಗು ನನ್ ಕಣ್ಣೆದುರಿಂದ."

ಕಾರಿನ ಆ ಕಡೆಯಿಂದ ಎವಾಂಥಿಯಾ ಚೀರಿದಳು. ಸ್ತೆರ್ಗಿಯೋಸ್ ನನ್ನ ತೋಳು ಹಿಡಿದು ಎಳೆದ. ನಾನು ಕಿಟಕಿಯನ್ನು ಬಿಡಲಿಲ್ಲ. ಕಣ್ಣಿಂದ ಮೂಗಿಂದ ನೀರು ಸುರಿಯುತ್ತಿತ್ತು, ಬಾಯಿಗೆ ತಡೆಯೇ ಇರಲಿಲ್ಲ.

ಅತ್ತೆ ಕತ್ತು ತಿರುಗಿಸಿದರು. ಕಣ್ಣಿನಲ್ಲಿ ಆ ಹಳೆಯ ಬೆಂಕಿ ಎದ್ದಿತು. "ನಿನ್ ಮುಖಕ್ಕೆ ಬೂದಿ ಬಡಿಯ" ಎಂದರು.

"ನಿನ್ ಮುಖಕ್ಕೆ ಬಡಿಯ" ಎಂದೆ.

"ನಿನ್ ವಂಶ ನಾಶ ಆಗ."

"ನನ್ ವಂಶ ಅಂದ್ರೆ ನಿನ್ ವಂಶಾನೇ ಕಣೇ ಮುದುಕಿ. ನಾಶ ಆಗ್ಲಿ. ಹೋಗು."

"ಎದ್ದು ನಿಲ್ಲಬೇಡ, ಹುಳ ಬೀಳ, ಹುಟ್ಟಬೇಡ" ಎಂದು ಅತ್ತೆ ಒಂದರ ಮೇಲೊಂದು ಎಸೆದರು. ಎಡಗೈಯಿಂದ ಕಿಟಕಿಯ ಅಂಚು ಗುದ್ದಿದರು. ಉಸಿರು ಕಟ್ಟಿತು. ಬಾಯಿ ಏನನ್ನೋ ಹುಡುಕಿತು, ಸಿಗಲಿಲ್ಲ, ಮತ್ತೆ ಹುಡುಕಿತು. ನಾನು ಹೋಗು ಹೋಗು ಎಂದು ಕೂಗುತ್ತಲೇ ಇದ್ದೆ.

"ಹೋ" ಎಂದರು ಅತ್ತೆ. "ಹೋಗ... ಹೋಗಲ್ಲ."

ಸ್ತೆರ್ಗಿಯೋಸ್ ನನ್ನ ತೋಳು ಬಿಟ್ಟ.

"ಹೋಗಲ್ಲ ಕಣೇ" ಎಂದರು ಇನ್ನೊಮ್ಮೆ, ಈ ಸಲ ಜೋರಾಗಿ, ತನ್ನ ಬಾಯಿಗೆ ತಾನೇ ಬೆರಗಾದವರಂತೆ. "ಹೋಗಲ್ಲ. ಬೂದಿ ಬಡಿಯ. ಹೋಗಲ್ಲ."

ಎವಾಂಥಿಯಾ ಕಾರು ಸುತ್ತಿಕೊಂಡು ಬಂದಳು. ನನ್ನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಬಾಗಿಲು ತೆಗೆದು ತಾಯಿಯ ಮಂಡಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. ಅಮ್ಮ, ನಿಜ ಹೇಳು, ಬರೋದಿಲ್ವಾ ಎಂದು ಕೇಳಿದಳು. ಅತ್ತೆ ಹೌದೆಂದು ತಲೆಯಾಡಿಸಿ, ಅಲ್ಲವೆಂದು ತಲೆಯಾಡಿಸಿ, ತಲೆಯ ಸಹವಾಸವೇ ಬೇಡವೆಂದು ಎಡಗೈಯಿಂದ ಗಲ್ಲ ಹಿಡಿದು ನಿಲ್ಲಿಸಿಕೊಂಡು, ಹೋಗಲ್ಲ ಎಂದರು. ಪಟ್ಟಿಯ ಗುಂಡಿ ಎಲ್ಲಿದೆ ಎಂದು ತಡಕಾಡತೊಡಗಿದರು.

ಎವಾಂಥಿಯಾಳ ಮುಖ ನೋಡಿ ಪಾಪ ಅನ್ನಿಸಿತು. ಅವಳೇನು ತಾಯಿಯನ್ನು ಕದ್ದುಕೊಂಡು ಹೋಗಲು ಬಂದಿದ್ದಳೇ? ವೋಲೋಸಿನಲ್ಲೂ ಅಂಥ ಡಾಕ್ಟರು ಇದ್ದಾರೋ ವಿಚಾರಿಸೋಣ, ವಾರಕ್ಕೊಮ್ಮೆ ನಾನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಹೇಳಿಕೊಟ್ಟದ್ದನ್ನೆಲ್ಲ ಮನೆಯಲ್ಲಿ ಮಾಡಿಸುತ್ತೇನೆ, ನನ್ನಾಣೆ ಎಂದೆ. ಅವಳು ಹೂಂಗುಟ್ಟಿದಳು. ತಾಯಿಯ ಪಟ್ಟಿಯನ್ನು ತಾನೇ ಬಿಚ್ಚಿದಳು. ಬಿಚ್ಚಿ, ಅಲ್ಲೇ ಕೂತಳು, ಏಳಲಿಲ್ಲ. ಏನೋ ಹೇಳಹೊರಟು 'ಬಂಗಾರ' ಎಂದು ಶುರುಮಾಡಿ ನಿಲ್ಲಿಸಿದಳು. ಹುಟ್ಟಿದಾಗಿನಿಂದ ಒಂದು ಕೆಟ್ಟ ಮಾತು ಆಡಿದವಳಲ್ಲ ಅವಳು. ಕೆನ್ನೆ, ಕಿವಿ, ಕತ್ತು ಕೆಂಪಾಗಿಸಿಕೊಂಡು, ಶಾಲೆಯ ಮಗು ಪದ್ಯ ಒಪ್ಪಿಸುವ ಹಾಗೆ, ತಡವರಿಸುತ್ತ ಹೇಳಿದಳು.

"ನಿನ್... ನಿನ್ ಬೇರಿಗೆ ಹುಳ ಬೀಳ, ಅಮ್ಮ."

ಅತ್ತೆ ಅವಳನ್ನೇ ನೋಡಿದರು. ಎಡಗೈಯನ್ನು ಅವಳ ಕೆನ್ನೆಗೆ ಇಟ್ಟರು. ಬಾಯಿ ಮತ್ತೆ ಹುಡುಕಿತು.

"ಬೀಳಲ್ಲ" ಎಂದರು. "ಬೀಳಲ್ಲ ಬಿಡೇ."

ಎವಾಂಥಿಯಾ ತಾಯಿಯ ಮಡಿಲಿಗೆ ಮುಖ ಹಾಕಿದಳು. ಸ್ತೆರ್ಗಿಯೋಸ್ ಡಿಕ್ಕಿ ತೆಗೆದು, ಯಾರಿಗೂ ಮುಖ ತೋರಿಸದೆ ಚೀಲ ಇಳಿಸಿ ಒಳಗೆ ಒಯ್ದ.